ವಾಸನೆ ನಿಂತ ಗಟಾರ

ಅಧ್ಯಕ್ಷತೆ ವಹಿಸಿರುವ ಹಿರಿಯರಾದ ಅಡಿವೆಯ್ಯನವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ದುರ್ಗಾಬಾಯಿಯವರೇ, ಮಗಳು ವಿದ್ಯಾ, ಒಂದು ದಿನದ ದುಡಿಮೆ ಬಿಟ್ಟು ಹೊಳೆದಂಡೆಯ ವಸತಿಯಿಂದ ಬಂದಿರುವ ತಾಯಂದಿರೇ, ಅಣ್ಣಂದಿರೇ, ಮಾರುಕಟ್ಟೆಯ ನನ್ನ ವ್ಯಾಪಾರಿ ಬಂಧುಗಳೇ, ಕುರ್ಚಿ ಕೊಟ್ಟರೂ ಕೂರದೆ ಬಾಗಿಲಲ್ಲೇ ನಿಂತಿರುವ ನಮ್ಮ ಮೀನುಗಾರ ಕಾಯ್ತಾನ್ — ಎಲ್ಲರಿಗೂ ನಮಸ್ಕಾರ.

ನಾನು ಕುಬೇರ. ಬಟ್ಟೆ ಅಂಗಡಿಯ ಕುಬೇರ. ಸಾಂತೇರಿ ಹೊಳೆ ಉಳಿಸುವ ಸಮಿತಿಯ ಕಾರ್ಯದರ್ಶಿ. ಖೇಮಪ್ಪನವರ ಜೊತೆ ಎಂಟು ವರ್ಷ ಕೆಲಸ ಮಾಡಿದವನು.

ಈಗ ಅವರ ಫೋಟೋಗೆ ಹೂವು ಏರಿಸುವಾಗ ನಾನು ಎರಡು ಸಲ ಕೆಳಗೆ ಬೀಳಿಸಿದ್ದನ್ನು ನೀವೆಲ್ಲ ನೋಡಿದಿರಿ. ಎಪ್ಪತ್ತರ ಹತ್ತಿರ ಬಂದವನು, ವಯಸ್ಸಿನ ದೋಷ ಎಂದುಕೊಂಡಿರಬಹುದು. ಅಲ್ಲ. ದುಃಖವೂ ಅಲ್ಲ — ದುಃಖಪಡಲು ನನಗಿನ್ನೂ ಪುರಸೊತ್ತು ಸಿಕ್ಕಿಲ್ಲ. ಅದು ಹೆದರಿಕೆ. ಹನ್ನೊಂದು ದಿನದಿಂದ ನಾನು ನನ್ನ ಅಂಗಡಿಯ ಹಿಂಬಾಗಿಲು ತೆರೆದಿಲ್ಲ. ಯಾಕೆ ತೆರೆದಿಲ್ಲ ಎಂದು ಹೇಳಲಿಕ್ಕೇ ಇಲ್ಲಿ ನಿಂತಿದ್ದೇನೆ.

ಬೆಳಿಗ್ಗೆ ಇಬ್ಬರು ಮನೆಗೆ ಬಂದಿದ್ದರು. ಹೆಸರು ಹೇಳುವುದಿಲ್ಲ. ಚಹಾ ಕುಡಿದು, ಕಪ್ಪು ಕೆಳಗಿಟ್ಟು, “ಕುಬೇರಣ್ಣ, ಸತ್ತವ್ರ ಸಭಾದಾಗ ಗಟಾರದ ಮಾತು ಬ್ಯಾಡ್ರಿ. ನಾಲ್ಕ ಚಲೋ ಮಾತು ಹೇಳಿ ಇಳೀರಿ” ಎಂದರು. ಚಲೋ ಮಾತು ಹೇಳುತ್ತೇನೆ. ಆದರೆ ಗಟಾರ ಬಿಟ್ಟು ಖೇಮಪ್ಪನವರ ಬಗ್ಗೆ ಏನು ಹೇಳಲಿ? ಅವರು ತೀರಿಕೊಂಡದ್ದೇ ಗಟಾರದಲ್ಲಿ.

ಚಿಕ್ಕವರಿಗಾಗಿ ಹಳೆಯದನ್ನು ಸ್ವಲ್ಪ ಹೇಳಬೇಕು. ನಾನು ಆರು ವರ್ಷದವನಿದ್ದಾಗ ಅಪ್ಪ ಧಾರವಾಡದಿಂದ ನಮ್ಮನ್ನು ಕರೆದುಕೊಂಡು ಈ ಊರಿಗೆ ಬಂದರು. ಆಗ ನಮ್ಮ ಅಂಗಡಿಯ ದೊಡ್ಡ ಬಾಗಿಲು ಹೊಳೆಯ ಕಡೆಗಿತ್ತು. ಮಾಲು ಬರುತ್ತಿದ್ದುದೇ ಹೊಳೆಯಲ್ಲಿ. ಸಮುದ್ರ ಉಬ್ಬಿದಾಗ ಜುವಾರಿ ನದಿಯಿಂದ ಹಂಚು, ಉಪ್ಪು, ತೆಂಗು, ಬಟ್ಟೆಯ ಗಂಟು ತುಂಬಿದ ದೋಣಿಗಳು ನೇರ ನಮ್ಮ ಮೆಟ್ಟಿಲಿಗೆ ಬಂದು ತಾಗುತ್ತಿದ್ದವು. ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೆ ಬೆರಳಿಗೆ ಮೀನು ಮುತ್ತುತ್ತಿದ್ದವು. ಆಮೇಲೆ ರಸ್ತೆ ಬಂತು, ಲಾರಿ ಬಂತು. ಎಲ್ಲರೂ ಬಾಗಿಲನ್ನು ರಸ್ತೆಗೆ ತಿರುಗಿಸಿದೆವು, ಸಂಡಾಸನ್ನು ಹೊಳೆಗೆ ತಿರುಗಿಸಿದೆವು. ಮೂವತ್ತು ವರ್ಷದಲ್ಲಿ ಹೊಳೆಗೆ ಹೆಸರೇ ಹೋಯಿತು. ‘ಹಿಂದಿನ ನಾಲಾ’ ಎಂದಾಯಿತು.

ಪಾಲಿಕೆಯವರು ಎರಡು ಸಲ ಅದರ ಉದ್ಧಾರವನ್ನು ಉದ್ಘಾಟಿಸಿದರು. ಎರಡು ಸಲವೂ ಬೇಲಿ ಹಾಕಿ, ಬೇಲಿಗೆ ಬಣ್ಣ ಬಳಿದು ಹೋದರು. ಆ ಬೇಲಿ ಹೊಳೆಯನ್ನೇನೂ ಕಾಯಲಿಲ್ಲ. ಹೊಳೆ ನಮ್ಮ ಕಣ್ಣಿಗೆ ಬೀಳದಂತೆ ಕಾಯಿತು. ನಾನು ಪತ್ರಿಕೆಗಳಿಗೆ ಪತ್ರ ಬರೆದೆ. ಒಂದಲ್ಲ, ನಲವತ್ತು. ಸರ್ಕಾರವನ್ನು ಬೈದೆ, ಕಾರ್ಖಾನೆಗಳನ್ನು ಬೈದೆ, ಲಾಡ್ಜಿನವರನ್ನು ಬೈದೆ. ನನ್ನ ಮಹಡಿಯ ಬಾಡಿಗೆ ಕೋಣೆಗಳ ಸಂಡಾಸು ಎಲ್ಲಿಗೆ ಹೋಗುತ್ತದೆ ಎಂದು ಒಂದು ಪತ್ರದಲ್ಲೂ ಬರೆಯಲಿಲ್ಲ.

ಖೇಮಪ್ಪ ಪತ್ರ ಬರೆಯಲಿಲ್ಲ. ವಿಜಯಪುರದ ಕಡೆಯ ತಾಂಡಾದಿಂದ ಬಂದು ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬುವ ಕೆಲಸಕ್ಕೆ ಸೇರಿದವರು ಅವರು. ಅದಿರು ಬರುವುದು ನಿಂತಿತು, ಕೆಲಸ ನಿಂತಿತು. ಗಟಾರ, ಪೈಪು, ಮಣ್ಣು — ಸಿಕ್ಕಿದ ಕೂಲಿ ಮಾಡಿದರು. ಅವರ ಹೆಂಡತಿ ದುರ್ಗಾಬಾಯಿಯವರು ಬೀಚಿನಲ್ಲಿ ಕನ್ನಡಿ ಕಸೂತಿಯ ಚೀಲ, ಮಣಿಸರ ಮಾರುತ್ತಿದ್ದರು. ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ಖೇಮಪ್ಪ ನನ್ನ ಅಂಗಡಿಯ ಕಟ್ಟೆಗೆ ಬಂದು ನಿಂತರು.

“ಸಾವ್ಕಾರ್ರ, ಖಾಲಿ ಚೀಲ ಅದಾವೇನ್ರಿ?”

“ಎಷ್ಟ ಬೇಕೋ?”

“ಇದ್ದಷ್ಟು ಕೊಡ್ರಿ. ಹೊಳ್ಯಾಗಿನ ಅಂತರಗಂಗಿ ಕಿತ್ತು ತುಂಬೂದೈತಿ.”

“ಯಾರು ಹೇಳಿದ್ರು ನಿನಗ, ಕೀಳು ಅಂತ?”

“ಯಾರೂ ಹೇಳಿಲ್ರಿ. ಸೊಳ್ಳಿ ಹೇಳಿದ್ವು.”

ನಗಬಹುದು, ತಪ್ಪಿಲ್ಲ. ಅವರಿಗೂ ನಗಿಸುವುದು ಇಷ್ಟವಿತ್ತು. ಗಮನಿಸಿದಿರಾ — ‘ನಿನಗ’ ಎಂದೆ ನಾನು. ಎಂಟು ವರ್ಷವೂ ಹಾಗೇ ಕರೆದೆ. ಈ ‘ಅವರು, ಇವರು’ ಎಲ್ಲ ಇವತ್ತಿನದು. ಅದಕ್ಕೂ ಅವರ ಕ್ಷಮೆ ಕೇಳುತ್ತೇನೆ.

ಸಮಿತಿ ಹುಟ್ಟಿದ್ದು ಹಾಗೆ, ಇಪ್ಪತ್ತು ಖಾಲಿ ಚೀಲದಿಂದ. ಮೊದಲ ವರ್ಷ ಅಂತರಗಂಗೆ ಕಿತ್ತೆವು. ಎರಡನೆಯ ವರ್ಷ ಪ್ಲಾಸ್ಟಿಕ್ಕು, ಟೈರು, ಒಂದು ಪೂರ್ತಿ ಸ್ಕೂಟರು. ನಾಲ್ಕನೆಯ ವರ್ಷ ಹೂಳು. ಕೈಯಿಂದ ಎಳೆದದ್ದು ವಸತಿಯವರು. ಭಾಷಣ ಮಾಡಿದ್ದು ನಾನು. ಒಂದು ಬೆಳಿಗ್ಗೆ ಕಾಯ್ತಾನ್ ಸೇತುವೆಯ ಕೆಳಗೆ ಬಲೆ ಎತ್ತಿ ಊರಿಗೆಲ್ಲ ಕೇಳುವಂತೆ ಕೂಗಿದ: “ಪಾತ್ರಾಂವ್! ನುಸ್ತೆಂ ಆಯ್ಲೆಂ!” ಖೇಮಪ್ಪನವರನ್ನು ಅವನು ಕರೆಯುತ್ತಿದ್ದುದೇ ಹಾಗೆ — ಪಾತ್ರಾಂವ್, ಯಜಮಾನರೇ ಎಂದು. ಯಜಮಾನರೇ, ಮೀನು ಬಂತು! ಆ ದಿನ ನಾವೆಲ್ಲ ಸೇತುವೆಯ ಕಂಬಿ ಹಿಡಿದು ಬೆರಳುದ್ದದ ಮೀನನ್ನು ನೋಡಿದೆವು. ಮದುವೆ ಮನೆಯಲ್ಲಿ ಮದುಮಗನನ್ನು ನೋಡುವ ಹಾಗೆ.

ಹಳೆಯ ಮೆಟ್ಟಿಲು ಹೊರಬಿದ್ದವು. ಬೀಚಿನಲ್ಲಿ ದಂಡ ಹಾಕಿಸಿಕೊಂಡು ಓಡಾಡುತ್ತಿದ್ದ ನಮ್ಮ ಹೆಣ್ಣುಮಕ್ಕಳು ಭಾನುವಾರ ಆ ಮೆಟ್ಟಿಲ ಮೇಲೆ ಕೂತು ವ್ಯಾಪಾರ ಶುರು ಮಾಡಿದರು. ಊರಿನ ಅಜ್ಜಿಯರು ಸಂಜೆ ಬಂದು ಕೂರತೊಡಗಿದರು. ಕೊಂಕಣಿ, ಮರಾಠಿ, ಕನ್ನಡ, ಎಲ್ಲ ಮಾತೂ ಆ ಮೆಟ್ಟಿಲ ಮೇಲೆ ಕೇಳುತ್ತಿತ್ತು. ಘಟ್ಟದ ಮೇಲಿನಿಂದ ಬಂದವರೆಂದು ಈ ಊರಲ್ಲಿ ನಮಗೆ ‘ಘಾಟಿ’ ಎಂಬ ಹೀಯಾಳಿಕೆಯ ಹೆಸರಿದೆ, ನಿಮಗೆ ಗೊತ್ತು. ಆ ಮೆಟ್ಟಿಲ ಮೇಲೆ ನಾನು ಆ ಹೆಸರನ್ನು ಕೇಳಲಿಲ್ಲ.

ಒಂದೇ ಕೊರತೆ. ಪ್ರತಿದಿನ ಸಮುದ್ರ ಇಳಿದು ಹೊಳೆಯ ನೀರು ತಗ್ಗಿದಾಗ ಒಂದು ಬಾಯಿಂದ ಹೊಳೆಗೆ ಕರೀ ಪಟ್ಟೆ ಇಳಿಯುತ್ತಿತ್ತು. ಅದು ಮಳೆನೀರಿಗೆಂದು ಪೋರ್ಚುಗೀಸರ ಕಾಲದಲ್ಲಿ ಕಟ್ಟಿದ ಮುಚ್ಚಿದ ಗಟಾರ. ಮಾರುಕಟ್ಟೆಯ ಹಿಂದಿನ ಓಣಿಯ ಕೆಳಗೆ ಹರಿದು, ಕೊನೆಗೆ ಹೊಳೆದಂಡೆಯ ಅರವತ್ತೆರಡು ಮನೆಗಳ ಕೆಳಗೆ ಹಾದು, ಹೊಳೆ ಸೇರುತ್ತದೆ. ಅದರೊಳಗೆ ಯಾರ ಯಾರ ಪೈಪು ಎಲ್ಲೆಲ್ಲಿ ಸೇರಿದೆ? ಪಣಜಿಗೆ ಹೋಗಿ ಹಳೆಯ ನಕ್ಷೆ ತೆಗೆಸಿದೆ. ನಕ್ಷೆಯಲ್ಲಿ ಗಟಾರವಿದೆ. ನಾವು ಆಮೇಲೆ ಕದ್ದು ಸೇರಿಸಿದ್ದು ಯಾವ ನಕ್ಷೆಯಲ್ಲಿರುತ್ತದೆ?

ಅದನ್ನು ಹುಡುಕುವ ಕೆಲಸ ಖೇಮಪ್ಪನವರದಾಯಿತು. ಯಂತ್ರಕ್ಕಾಗಿ ಪಾಲಿಕೆಗೆ ಆರು ಅರ್ಜಿ ಕೊಟ್ಟೆವು, ಯಂತ್ರ ಬರಲಿಲ್ಲ. ಗಟಾರಕ್ಕೆ ಮನುಷ್ಯನನ್ನು ಇಳಿಸಬಾರದು ಎಂಬ ಕಾನೂನು ನನಗೆ ಬಾಯಿಪಾಠ. “ಇಳೀಬ್ಯಾಡಪಾ, ಮ್ಯಾಲಿಂದ ನೋಡು ಸಾಕು” ಎನ್ನುತ್ತಿದ್ದೆ. ಹಾಗೆ ಹೇಳಿದರೆ ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಂಡಿದ್ದೆ.

ಅವರಿಗೊಂದು ಪದ್ಧತಿ ಇತ್ತು. ಗಟಾರದ ಮುಚ್ಚಳ ತೆಗೆಯುವುದು, ಗಾಳಿ ಬರುವ ಕಡೆ ಹತ್ತು ಹೆಜ್ಜೆ ದೂರ ಹೋಗುವುದು, ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿನ್ನುವುದು. ಅಷ್ಟು ಹೊತ್ತು ಕೆಟ್ಟ ಗಾಳಿ ಹೊರಗೆ ಹೋಗಬೇಕು. ಆಮೇಲೆಯೇ ಹತ್ತಿರ. ನಮ್ಮ ಅಧ್ಯಕ್ಷರು, ಖಾನಾವಳಿಯ ಅಡಿವೆಯ್ಯನವರು, ಒಮ್ಮೆ ಮೂಗು ಮುಚ್ಚಿಕೊಂಡು ಕೇಳಿದರು: “ಏನಪಾ ಖೇಮಪ್ಪ, ಗಟಾರದ ಮುಂದ ಕುಂತು ರೊಟ್ಟಿ ಹೆಂಗ ಇಳೀತೈತೋ ನಿನಗ?” ಖೇಮಪ್ಪ ಎಂದರು: “ನಿಮ್ಮ ಖಾನಾವಳ್ಯಾಗ ಇಳದ ಮ್ಯಾಲ ಇಲ್ಲೇನ ಇಳೀದಂಗಿಲ್ರಿ ಅಯ್ಯಾರ?” — ಅಡಿವೆಯ್ಯನವರು ನಗುತ್ತಿದ್ದಾರೆ, ನೋಡಿ. ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಾರೆ.

ಖೇಮಪ್ಪ ಇನ್ನೊಂದು ಮಾತು ಹೇಳುತ್ತಿದ್ದರು. ಓಣಿಯ ಹುಡುಗರನ್ನು ಕೂರಿಸಿಕೊಂಡು ಹೇಳುತ್ತಿದ್ದರು. “ನಾತ ಬಂದ್ರ ಅಂಜಬ್ಯಾಡ್ರಿ. ಬರೂ ನಾತ ಒಮ್ಮಿಗೇ ನಿಂತ್ರ ಅಂಜ್ರಿ, ಓಡ್ರಿ.” ಕೊಳೆತ ಮೊಟ್ಟೆಯ ವಾಸನೆಯ ಆ ಗಾಳಿ ಹೆಚ್ಚಾದರೆ ಮೊದಲು ಮೂಗನ್ನೇ ಸಾಯಿಸುತ್ತದೆ. ನಾನು ಇದನ್ನು ಪುಸ್ತಕದಲ್ಲಿ ಓದಿದ್ದೆ. ಅವರು ಓದಿರಲಿಲ್ಲ. ಅವರಿಗೆ ಗೊತ್ತಿತ್ತು.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ದಯವಿಟ್ಟು ಗೊಣಗಬೇಡಿ — ಹಿಂದೆ ಯಾರೋ ಎದ್ದಿರಿ, ಕೂತುಕೊಳ್ಳಿ, ಹತ್ತು ನಿಮಿಷ.

ಸಮಿತಿಯ ಮೊದಲ ಸಭೆಯಲ್ಲೇ ನಾವೊಂದು ನಿಯಮ ಮಾಡಿದ್ದೆವು. ಬರೆದದ್ದು ನಾನೇ. ಯಾರ ಹಿತ್ತಿಲಿಗೂ ಮೊದಲು ಹೇಳದೆ ಹೋಗಬಾರದು. ಪರಊರಿನಲ್ಲಿ ಬಾಳುವವರು ನಾವು, ಯಾರ ಮುಖವನ್ನೂ ಮುರಿಯಬಾರದು. ವ್ಯಾಪಾರಸ್ಥರು, ನಾಳೆ ಅದೇ ಮುಖ ನೋಡಬೇಕು. ನಮಗದು ಮರ್ಯಾದೆ ಎನಿಸಿತ್ತು. ಖೇಮಪ್ಪ ಒಬ್ಬರೇ ಬೇಡ ಎಂದಿದ್ದರು.

“ಹೇಳಿ ಹೋದ್ರ ಏನ್ ಕಾಣತೈತ್ರಿ ಸಾವ್ಕಾರ್ರ? ಬೀಗರ ಮನಿಗೆ ಹೇಳಿ ಹೋದ್ರ ಹೋಳಿಗಿ ಮಾಡಿ ಇಟ್ಟಿರತಾರ. ದಿನಾ ಏನ್ ಉಣತಾರ ಅನ್ನೂದು ತಿಳೀತೈತೇನು?”

ನಕ್ಕು ತಳ್ಳಿಹಾಕಿದೆವು.

ಕಳೆದ ತಿಂಗಳು, ಒಂದು ಸೋಮವಾರ, ನಿಯಮದ ಪ್ರಕಾರ ನಾನೇ ಹಿಂದಿನ ಓಣಿಯ ಕಟ್ಟಡಗಳಿಗೆಲ್ಲ ಫೋನ್ ಮಾಡಿದೆ. ‘ಶುಕ್ರವಾರ ನೀರು ಇಳಿದಾಗ ಖೇಮಪ್ಪ ಮುಚ್ಚಳ ತೆಗೆದು ನೋಡುತ್ತಾನೆ, ಪತ್ರಿಕೆಯವರೂ ಬರುತ್ತಾರೆ.’ ಎಲ್ಲರೂ ಸಂತೋಷವಾಗಿ ಒಪ್ಪಿದರು. ‘ಆಗ್ಲಿ ಕುಬೇರಣ್ಣ, ಒಳ್ಳೆ ಕೆಲಸ.’

ಆಮೇಲೆ ಏನಾಯಿತು? ಇಲ್ಲಿರುವ ಅರ್ಧ ಜನಕ್ಕೆ ಗೊತ್ತು. ಉಳಿದವರಿಗೆ ಹೇಳುತ್ತೇನೆ. ಶುಕ್ರವಾರ ತಮ್ಮ ಕಟ್ಟಡದಿಂದ ಕರೀ ನೀರು ಇಳಿದದ್ದು ಕಾಣಬಾರದೆಂದು, ಒಬ್ಬೊಬ್ಬರು ತಮ್ಮ ತಮ್ಮ ಮುಚ್ಚಳ ಎತ್ತಿ ಗಟಾರದೊಳಗೆ ಮರಳಿನ ಚೀಲ ಇಳಿಸಿದರು. ನಾಲ್ಕು ದಿನದ ಮಾತು ತಾನೆ, ಶುಕ್ರವಾರ ಸಂಜೆ ತೆಗೆದರಾಯಿತು ಎಂದುಕೊಂಡರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಹರಿಯುವ ಗಟಾರ ಮೇ ತಿಂಗಳ ಸೆಕೆಯಲ್ಲಿ ಸಣ್ಣ ಸಣ್ಣ ಮುಚ್ಚಿದ ಕೆರೆಗಳಾಯಿತು. ನಾಲ್ಕು ದಿನ ಮೀನಿನ ನೀರು, ಖಾನಾವಳಿಯ ನೀರು, ಸಂಡಾಸಿನ ನೀರು ಅಲ್ಲೇ ಕೊಳೆಯಿತು.

ಶುಕ್ರವಾರ ಖೇಮಪ್ಪ ಮುಚ್ಚಳ ತೆಗೆದರು. ಹತ್ತು ಹೆಜ್ಜೆ ದೂರ ಹೋದರು. ರೊಟ್ಟಿ ತಿಂದರು. ನಾನು ಅಲ್ಲೇ ಇದ್ದೆ. “ಇವತ್ತ ನೀರ ಇಲ್ಲಲ್ರಿ ಸಾವ್ಕಾರ್ರ, ಒಣಗೈತಿ” ಎಂದರು. ಅವರ ಪದ್ಧತಿಯಲ್ಲಿ ಒಂದೂ ತಪ್ಪಲಿಲ್ಲ. ಹರಿಯುವ ಗಟಾರ ಅವರಿಗೆ ಗೊತ್ತಿತ್ತು. ಒಳಗೊಳಗೇ ಕಟ್ಟಿಹಾಕಿದ ಗಟಾರ ಗೊತ್ತಿರಲಿಲ್ಲ. ಕಟ್ಟಿದ್ದೇವೆ ಎಂದು ಯಾರೂ ಹೇಳಿರಲಿಲ್ಲ. ಬಗ್ಗಿ, ಬಿದಿರು ಗಳದಿಂದ ಒಳಗೆ ತಿವಿದರು. ಚೀಲ ಒಡೆಯಿತು. ಶಬ್ದ ಬಂತು, ಯಾರೋ ದೊಡ್ಡದಾಗಿ ಉಸಿರು ಬಿಟ್ಟ ಹಾಗೆ. ಖೇಮಪ್ಪ ಕೂಗಲಿಲ್ಲ. ತಲೆ ಮುಂದಾಗಿ ಒಳಗೆ ಹೋದರು.

ಮೂರು ಜನ ಹಿಂದೆಯೇ ಇಳಿಯಲು ಓಡಿದರು. ಕಾಯ್ತಾನ್ ಅವರನ್ನು ಕೆಡವಿ, ಮೇಲೆ ಬಿದ್ದು ಹಿಡಿದುಕೊಂಡ. ಬೈಸಿಕೊಂಡ, ಹೊಡೆಸಿಕೊಂಡ, ಬಿಡಲಿಲ್ಲ. ಅವನು ಬಿಟ್ಟಿದ್ದರೆ ಇವತ್ತು ಇಲ್ಲಿ ನಾಲ್ಕು ಫೋಟೋ ಇರುತ್ತಿದ್ದವು. ನಾನೇನು ಮಾಡಿದೆ? ಗೋಡೆಗೆ ಬೆನ್ನು ಒತ್ತಿ ನಿಂತಿದ್ದೆ. ಅಷ್ಟೇ.

ಪೊಲೀಸರು ಒಡೆದ ಚೀಲ ಹೊರತೆಗೆದರು. ಅದರ ಮೇಲೆ ನೀಲಿ ಮುದ್ರೆ. ನಮ್ಮ ಸಮಿತಿಯ ಮುದ್ರೆ. ಕಸ ಹೊಳೆಗೆ ಹಾಕಬೇಡಿ, ಇದರಲ್ಲಿ ಹಾಕಿ ಎಂದು ಖೇಮಪ್ಪ ತಲೆಯ ಮೇಲೆ ಹೊತ್ತು ಅಂಗಡಿ ಅಂಗಡಿಗೆ ಹಂಚಿದ ಚೀಲ ಅದು. ಯಾರದು ಎಂದು ಕೇಳಿದರು. ಯಾರೂ ಹೇಳಲಿಲ್ಲ. ಅಪಘಾತ ಎಂದು ಬರೆದುಕೊಂಡು ಹೋದರು. ಆಮೇಲೆ ಉಳಿದ ಚೀಲಗಳನ್ನು ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ತೆಗೆದರೆ ಸಾಯುತ್ತೇವೆ, ಹೇಳಿದರೆ ಕೇಸು.

ಐದನೆಯ ದಿನ ಹಾರ ಹಿಡಿದುಕೊಂಡು ದುರ್ಗಾಬಾಯಿಯವರ ಮನೆಗೆ ಹೋದೆ. ಹೊರಗೇ ತಡೆದರು.

“ಹಾರ ಬ್ಯಾಡ್ರಿ ಸಾವ್ಕಾರ್ರ. ನಮ್ಮ ಮನಿ ಬುಡಕ ಏನೈತಿ, ಅದನ್ನ ಹೇಳ್ರಿ.”

ನಾನು ಹಾರವನ್ನು ಇನ್ನೊಂದು ಕೈಗೆ ಬದಲಿಸಿದೆ.

“ಮೋರ್ಯಾಗಿಂದ ಗುಳು ಗುಳು ಅಂತೈತ್ರಿ. ಮಕ್ಕಳ್ನ ಎಲ್ಲಿ ಮಲಗಿಸ್ಲಿ? ಇಡೀ ಓಣಿ ಮಕ್ಕಳ್ನ ಎಲ್ಲಿ ಮಲಗಿಸ್ಲಿ ಹೇಳ್ರಿ?”

ವಿದ್ಯಾ ಒಳಗಿನಿಂದ ಬಂದು ಹಾರವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಪಾಪ, ನನಗೆ ಅವಮಾನವಾಗಬಾರದೆಂದು. ನಾನು ಉತ್ತರ ಕೊಡದೆ ಮನೆಗೆ ಬಂದೆ.

ಎಂಟು ದಿನ ಆ ಓಣಿಯಲ್ಲಿ ಮೂಗು ಬಿಡಲಾಗದ ನಾತ. ಮೊನ್ನೆ ಬೆಳಿಗ್ಗೆ ನಾತ ನಿಂತಿತು. ಅಕ್ಕಪಕ್ಕದವರು ಉಸಿರಾಡಿದರು, ಒಬ್ಬರು ಬಂದು ನನ್ನ ಕೈ ಕುಲುಕಿದರು: “ದೇವ್ರು ದೊಡ್ಡವ, ಎಲ್ಲಾ ಹರದ ಹೋತ ನೋಡ್ರಿ.” ನಾನು ಕೈ ಬಿಡಿಸಿಕೊಂಡೆ. ಏನೂ ಹರಿದುಹೋಗಿಲ್ಲ. ಹೋಗಿದ್ದರೆ ಹೊಳೆಯ ಬಾಯಲ್ಲಿ ಕಾಣಬೇಕಿತ್ತು. ಕಾಯ್ತಾನ್ ಎರಡು ಇಳಿತ ಅಲ್ಲೇ ಕೂತು ನೋಡಿದ್ದಾನೆ. ಒಂದು ಹನಿ ಬಂದಿಲ್ಲ.

ಅಗ್ನಿಶಾಮಕ ದಳಕ್ಕೆ ಹೋದೆ. ಅಲ್ಲಿಯ ಅಧಿಕಾರಿ ಎದ್ದು ನಿಂತು ಕೇಳಿಸಿಕೊಂಡರು. ಅವರು ಹೇಳಿದ್ದನ್ನು ಹಾಗೆಯೇ ಹೇಳುತ್ತೇನೆ. ಅರವತ್ತೆರಡು ಮನೆಯವರು ಇವತ್ತೇ ಅಲ್ಲಿಂದ ಏಳಬೇಕು — ಎದ್ದಿದ್ದಾರೆ, ಮಕ್ಕಳು ಶಾಲೆಯಲ್ಲಿದ್ದಾರೆ, ಆದರೆ ಎಷ್ಟು ದಿನ? ಮಳೆ ಕಾರವಾರ ದಾಟಿದೆ, ಸಂಜೆಯೊಳಗೆ ಇಲ್ಲಿ. ಮೊದಲ ದೊಡ್ಡ ಮಳೆಗೆ ಗಟಾರ ತುಂಬುತ್ತದೆ, ಮೇಲಿನ ಚೀಲ ಒಡೆದರೆ ಅದು ಕೆಳಗಿನದನ್ನು ಒಡೆಯುತ್ತದೆ, ಎಲ್ಲವೂ ಒಟ್ಟಿಗೆ ವಸತಿಯ ಮೋರಿಗಳಿಂದ ಮೇಲೆ ಬರುತ್ತದೆ. ಮನೆಗಳ ಬುಡ ನಿಲ್ಲುವುದಿಲ್ಲ. ದಳದವರ ಹತ್ತಿರ ಮುಖವಾಡವಿದೆ, ಗಾಳಿ ಊದುವ ಯಂತ್ರವಿದೆ, ಜನ ಇದ್ದಾರೆ. ಇಲ್ಲದಿರುವುದು ಒಂದೇ: ಚೀಲ ಎಲ್ಲೆಲ್ಲಿದೆ ಎಂಬುದು. ಜಾಗ ಗೊತ್ತಿದ್ದರೆ ಕೆಳಗಿನಿಂದ ಒಂದೊಂದಾಗಿ, ಯಾರ ಜೀವಕ್ಕೂ ಅಪಾಯವಿಲ್ಲದೆ ತೆಗೆಯುತ್ತಾರೆ. ಗೊತ್ತಿಲ್ಲದೆ ತಿವಿದರೆ ಅವರ ಹುಡುಗರೂ ಖೇಮಪ್ಪನೇ. ಅವರ ಗಾಡಿ ಈ ಸಭಾಭವನದ ಹೊರಗೆ ನಿಂತಿದೆ. ನೀರು ಇಳಿಯುವುದು ಮೂರು ಗಂಟೆಗೆ, ಕೆಲಸ ಆಗಲೇ ಆಗಬೇಕು. ಈಗ ಹನ್ನೆರಡಾಗುತ್ತ ಬಂದಿದೆ.

ಹತ್ತು ದಿನ ನಾನು ಅಂಗಡಿ ಅಂಗಡಿಗೆ ಹೋಗಿ ಕೇಳಿದೆ. ಎಲ್ಲರೂ ‘ನಮ್ಮದಿಲ್ಲ’ ಎಂದರು. ಸಿಟ್ಟು ಬಂತು. ಕೂಗಾಡಿದೆ. ಎಂಥ ಜನ ಎಂದು ಬೈದೆ. ನನ್ನ ಸಿಟ್ಟು ನಿಮಗೆ ಹೊಸದಲ್ಲ, ನಲವತ್ತು ಪತ್ರದ ಸಿಟ್ಟು.

ಆ ಒಡೆದ ಚೀಲ ಯಾರದೆಂದು ಪೊಲೀಸರು ಕೇಳಿದಾಗ ನಾನೂ ಸುಮ್ಮನಿದ್ದೆ. ಅದು ನನ್ನದಲ್ಲ. ನನ್ನದು ಇನ್ನೂ ಒಳಗಿದೆ.

ಹೌದು. ಫೋನ್ ಮಾಡಿದ ಸೋಮವಾರವೇ. ಎಲ್ಲರಿಗೂ ಫೋನ್ ಮಾಡಿ ಮುಗಿಸಿ, ರಿಸೀವರ್ ಇಟ್ಟಾಗ ನನಗೆ ಹೊಳೆಯಿತು — ಪತ್ರಿಕೆಯವರ ಮುಂದೆ ಕಾರ್ಯದರ್ಶಿಯ ಮುಚ್ಚಳದಿಂದಲೇ ಕರೀ ನೀರು ಬಂದರೆ? ಆರು ಚೀಲ. ನನ್ನ ಹಿಂಬಾಗಿಲಿನಿಂದ ಎಡಕ್ಕೆ ಎರಡನೆಯ ಮುಚ್ಚಳ. ಒಂದರ ಮೇಲೊಂದು, ನಾನೇ ನಿಂತು ಇಳಿಸಿದ್ದು. ಶುಕ್ರವಾರ ಖೇಮಪ್ಪ ರೊಟ್ಟಿ ತಿನ್ನುವಾಗ ಪಕ್ಕದಲ್ಲೇ ಕೂತಿದ್ದೆ. ಎರಡು ರೊಟ್ಟಿ ತಿನ್ನುವಷ್ಟು ಹೊತ್ತು ಇತ್ತು ನನಗೆ. ‘ಖೇಮಪ್ಪ, ಒಳಗೆ ಚೀಲ ಇರಬಹುದು, ತಿವೀಬ್ಯಾಡ’ — ಇಷ್ಟೇ ಹೇಳಬೇಕಿತ್ತು. ಹೇಳಿದ್ದರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು.

ದುರ್ಗಾಬಾಯಿಯವರೇ, ನಿಮ್ಮ ಪ್ರಶ್ನೆಗೆ ಇದು ನನ್ನ ಉತ್ತರ. ಇದನ್ನು ಬರೆದು ಸಹಿ ಮಾಡಿ ಬೆಳಿಗ್ಗೆ ಅಧಿಕಾರಿಯ ಕೈಗೆ ಕೊಟ್ಟಿದ್ದೇನೆ. ಪೊಲೀಸರಿಗೂ. ಮುಂದೇನಾಗುತ್ತದೋ ಗೊತ್ತಿಲ್ಲ. ಹೆದರಿಕೆ ಕಡಿಮೆಯಾಗಿಲ್ಲ. ಕಡಿಮೆಯಾಗುತ್ತದೆ ಎಂದು ನಿಮಗೂ ಸುಳ್ಳು ಹೇಳುವುದಿಲ್ಲ. ನನ್ನೊಬ್ಬನ ಜಾಗ ಗೊತ್ತಾದರೆ ಸಾಲದು, ಅದೇ ಸಂಕಟ. ನನ್ನದರ ಕೆಳಗೆ ಎಷ್ಟಿವೆ, ಮೇಲೆ ಎಷ್ಟಿವೆ, ಅದು ನಿಮಗೆ ಮಾತ್ರ ಗೊತ್ತು.

ಇನ್ನು ಎಲ್ಲರೂ ಏಳೋಣ. ಚಪ್ಪಲಿಯ ಸದ್ದು, ಕುರ್ಚಿಯ ಸದ್ದು ಅಡಗಲಿ. ಖೇಮಪ್ಪನವರಿಗಾಗಿ ಎರಡು ನಿಮಿಷ ಮಾತಿಲ್ಲದೆ ನಿಲ್ಲೋಣ. ಅಡಿವೆಯ್ಯನವರು ಗಡಿಯಾರ ನೋಡಿ ‘ಕೂಡ್ರಿ’ ಎನ್ನುತ್ತಾರೆ. ಆಗ ಗಟಾರದಲ್ಲಿ ಏನೂ ಇಡದವರು ಕೂತುಕೊಳ್ಳಿ. ಇಟ್ಟವರು ಕೂರಬೇಡಿ, ನಿಂತೇ ಇರಿ. ಬಾಯಿ ಬಿಡಬೇಕಾಗಿಲ್ಲ. ಅಧಿಕಾರಿ ಒಳಗೆ ಬಂದು ಒಬ್ಬೊಬ್ಬರ ಹತ್ತಿರ ಜಾಗವನ್ನಷ್ಟೇ ಕೇಳುತ್ತಾರೆ.

ನಾನು ಕೂರುವುದಿಲ್ಲ.

ಏಳಿ.